ತಂಬೂರಿ ಹಿಡಿದು ಕೂಡುವ ಜಾಗ

ತಮ್ಮಾ, ತಂಗೀ, ಮಿರಜ-ಸಾಂಗ್ಲಿಯ ಕನ್ನಡ ಮನೆಗಳಲ್ಲಿ ಬೆಳೆಯುತ್ತಿರುವ ನಿಮ್ಮೆಲ್ಲರಿಗೂ ಒಂದು ಮಾತು ಹೇಳುವುದಿದೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಈಗ ಮಿರಜದಲ್ಲಿ ಮಗನ ಮನೆಯಲ್ಲಿರುವ ಮಾಸ್ತರ ನಾನು. ನನ್ನ ವಯಸ್ಸಿನವರ ನಡುವೆ ದಿನ ಕಳೆಯುತ್ತೇನೆ, ನಿಮ್ಮ ವಯಸ್ಸಿನವರನ್ನು ದಿನವೂ ನೋಡುತ್ತೇನೆ. ಹಾಗಾಗಿ ಎರಡೂ ಕಡೆಯ ಹಸಿವು ನನಗೆ ಗೊತ್ತು.

ನಿಮ್ಮಲ್ಲಿ ಹಲವರು ಕಾಲೇಜಿನ ಕಡೆಯಿಂದ ವೃದ್ಧಾಶ್ರಮಗಳಿಗೆ ಹೋಗುತ್ತೀರಿ. ಸ್ಪೀಕರ್ ಹಚ್ಚಿ ಹಳೆಯ ಸಿನಿಮಾ ಹಾಡು ಹಾಕುತ್ತೀರಿ, ನಾಲ್ಕು ಹಾಡು ನೀವೇ ಹಾಡುತ್ತೀರಿ, ಹಣ್ಣು ಹಂಚಿ ಫೋಟೊ ತೆಗೆಸಿಕೊಂಡು ಬರುತ್ತೀರಿ. ಹೋಗುವುದು ಒಳ್ಳೆಯದೇ. ಆದರೆ ಆ ಒಂದು ತಾಸು ಅಲ್ಲಿ ಕೂತ ಹಿರಿಯರ ಕೆಲಸ ಏನಾಗಿರುತ್ತದೆ, ಯೋಚಿಸಿ. ಕೇಳುವುದು, ಕೊಟ್ಟದ್ದನ್ನು ತೆಗೆದುಕೊಳ್ಳುವುದು, ಚಪ್ಪಾಳೆ ತಟ್ಟುವುದು. ಮನೆಯಲ್ಲೂ ಅವರಿಗೆ ಉಳಿದಿರುವುದು ಹೆಚ್ಚುಕಡಿಮೆ ಇದೇ. ಮಳೆ ಯಾವಾಗ ಬರುತ್ತದೆ, ಕೆಮ್ಮಿಗೆ ಏನು ಕುಡಿಯಬೇಕು, ಹಬ್ಬ ಯಾವ ದಿನ ಎಂದು ಈಗ ಯಾರೂ ಮುತ್ಯಾನನ್ನು ಕೇಳುವುದಿಲ್ಲ. ಎಲ್ಲವನ್ನೂ ಫೋನು ಹೇಳುತ್ತದೆ. ಊಟ, ಗುಳಿಗೆ, ಹಾಸಿಗೆ ಎಲ್ಲ ಸಮಯಕ್ಕೆ ಸರಿಯಾಗಿ ಸಿಗುವ ಮನೆಯಲ್ಲೂ ಮುದುಕರು ಬಾಡುವುದಕ್ಕೆ ಇದೂ ಒಂದು ಕಾರಣ. ಅವರಿಂದ ಏನನ್ನಾದರೂ ಬೇಡುವವರು ಇಲ್ಲ.

ಅದಕ್ಕೇ ಹೇಳುತ್ತೇನೆ, ಅವರಿಂದ ಒಂದು ಹಾಡು ಬೇಡಿ. ಕಲಿಯಿರಿ. ಕಲಿತದ್ದನ್ನು ಅವರ ಮುಂದೆಯೇ ಹಾಡಿ ತೋರಿಸಿ, ತಪ್ಪಿದಲ್ಲಿ ತಿದ್ದಿಸಿಕೊಳ್ಳಿ. ತಿದ್ದಿಸಿಕೊಳ್ಳುವುದೇ ಇದರಲ್ಲಿ ಮುಖ್ಯ. ಹಾಡು ಫೋನಿನಲ್ಲೂ ಸಿಗುತ್ತದೆ. ನಿಮ್ಮ ಬಾಯಲ್ಲಿ ಅದು ಎಲ್ಲಿ ಕೆಟ್ಟಿತು ಎಂದು ಕೇಳಿ, ಕೈ ಎತ್ತಿ ನಿಲ್ಲಿಸಿ, "ಹಂಗಲ್ಲ, ಇನ್ನೊಮ್ಮೆ ಅನ್ನು" ಎನ್ನುವವರು ಬೇಕು. ಹಾಗೆ ಅನ್ನುವ ಅಧಿಕಾರವನ್ನು ಒಬ್ಬ ಎಂಬತ್ತರ ಮುದುಕಿಗೆ ಮರಳಿ ಕೊಟ್ಟು ನೋಡಿ, ಆಕೆ ಬೆನ್ನು ನೇರ ಮಾಡಿ ಕೂಡುತ್ತಾಳೆ.

ಈ ಮಾತು ಬೇರೆಲ್ಲೋ ಅಲ್ಲ, ಮಿರಜದಲ್ಲಿ ಹೇಳಬೇಕಾದದ್ದು. ಏಕೆಂದರೆ ಈ ಊರು ದೊಡ್ಡದಾದದ್ದೇ ಹೀಗೆ ತಿದ್ದಿಸಿಕೊಳ್ಳಲು ಬಂದ ಮಕ್ಕಳಿಂದ. ಬಾಳಕೃಷ್ಣಬುವಾ ಇಚಲಕರಂಜೀಕರ ಗ್ವಾಲಿಯರ್ ಗಾಯನ ಶೈಲಿಯನ್ನು ಉತ್ತರದಲ್ಲಿ ಕಲಿತು ಈ ಸೀಮೆಗೆ ತಂದರು. ಹತ್ತಿರದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರಿಗೆ ಹುಡುಗನಿದ್ದಾಗ ಪಟಾಕಿ ಸಿಡಿದು ಕಣ್ಣು ಮಂದವಾಯಿತು. ಮಿರಜದ ಸಂಸ್ಥಾನಿಕರ ಆಶ್ರಯದಲ್ಲಿ ಅವನನ್ನು ಬಾಳಕೃಷ್ಣಬುವಾ ಅವರ ಬಳಿ ಬಿಟ್ಟರು. ಆ ಹುಡುಗನೇ ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿ, ಸಂಗೀತವನ್ನು ಸಾಮಾನ್ಯರ ಮಕ್ಕಳಿಗೆ ತೆರೆದಿಟ್ಟವರು. 1931ರಲ್ಲಿ ಅವರು ತೀರಿಕೊಂಡದ್ದೂ ಇದೇ ಮಿರಜದಲ್ಲಿ.

ನಮ್ಮ ಕನ್ನಡದವರ ಕಥೆ ಇನ್ನೂ ಹತ್ತಿರದ್ದು. ಬಾಳಕೃಷ್ಣಬುವಾ ಅವರ ಶಿಷ್ಯರಾದ ನೀಲಕಂಠಬುವಾ ಮಿರಜದಲ್ಲಿ ನೆಲೆಸಿ ಕಲಿಸುತ್ತಿದ್ದರು. ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡುತ್ತಿದ್ದ ಮನಸೂರಿನ ಒಬ್ಬ ಹುಡುಗನ ದನಿ ಅವರ ಕಿವಿಗೆ ಬಿತ್ತು. ಅವನೇ ಮಲ್ಲಿಕಾರ್ಜುನ ಮನಸೂರ. ಮಿರಜಕ್ಕೆ ಬಂದು ಕೆಲವು ವರ್ಷ ಬುವಾ ಅವರ ಎದುರು ಕೂತು ಕಲಿತ. ಮುಂದೆ ಮಂಜಿ ಖಾನ್, ಭುರ್ಜಿ ಖಾನ್ ಅವರಿಂದ ಜೈಪುರ ಗಾಯನ ಶೈಲಿ ಕಲಿತು ಲೋಕಪ್ರಸಿದ್ಧರಾದ ಮೇಲೂ ಆ ಕಂಠದ ಅಡಿಪಾಯ ಇಲ್ಲಿಯದು. ಹುಟ್ಟುಗುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಇದೇ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಕಲಿತವರು. ಅವರಿಂದ ಪುಟ್ಟರಾಜ ಗವಾಯಿಗಳು, ಅವರಿಬ್ಬರ ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಕಣ್ಣಿಲ್ಲದ, ಮನೆಯಿಲ್ಲದ ಎಷ್ಟೋ ಮಕ್ಕಳು. ಒಬ್ಬ ಹಿರಿಯ ಮಿರಜದ ಒಂದು ಕೋಣೆಯಲ್ಲಿ ಕೂತು ಹುಡುಗರ ತಪ್ಪು ತಿದ್ದಿದ್ದು ಗದಗಿನಲ್ಲಿ ಇವತ್ತಿಗೂ ಊಟ, ವಿದ್ಯೆ ಎರಡೂ ಆಗಿ ಹಂಚಿಕೆಯಾಗುತ್ತಿದೆ.

ಇನ್ನು ಉಸ್ತಾದ್ ಅಬ್ದುಲ್ ಕರೀಂ ಖಾನ್. ಹುಟ್ಟಿದ್ದು ಉತ್ತರದ ಕೈರಾನಾದಲ್ಲಿ, ಮನೆ ಮಾಡಿದ್ದು ಮಿರಜದಲ್ಲಿ. ಮೈಸೂರು ಅರಮನೆಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅವರನ್ನು ಕೇಳಿದ ರಾಮಚಂದ್ರ ಎಂಬ ಹುಡುಗ ಅವರ ಬೆನ್ನು ಹತ್ತಿ ಕಲಿತು ಸವಾಯಿ ಗಂಧರ್ವ ಎಂದು ಹೆಸರಾದ. ಸವಾಯಿ ಗಂಧರ್ವರ ಹತ್ತಿರ ಹುಬ್ಬಳ್ಳಿಯಿಂದ ರೈಲು ಹತ್ತಿ ಕಲಿಯಲು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್ಲ. ಕರೀಂ ಖಾನರ ಮೂರು ನಿಮಿಷದ ಗ್ರಾಮಫೋನ್ ತಟ್ಟೆಯ ಮೇಲಿನ ದನಿ ಕೇಳಿ, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿ ಅಲೆದು, ಕೊನೆಗೆ ಅದೇ ಕುಂದಗೋಳಕ್ಕೆ ಬಂದು ನೀರು ಹೊತ್ತು ಕಲಿತವರು ಭೀಮಸೇನ ಜೋಶಿ. ಗಮನಿಸಿ, ತಟ್ಟೆ ಅವರಿಗೆ ಆಸೆ ಹುಟ್ಟಿಸಿತು. ವಿದ್ಯೆ ಕೊಡಲಿಲ್ಲ. ವಿದ್ಯೆಗಾಗಿ ಒಬ್ಬ ಹಿರಿಯರ ಮನೆಯ ಹೊಸ್ತಿಲು ದಾಟಬೇಕಾಯಿತು.

1946ರ ಜನವರಿಯಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವರಿಗೆ 60 ತುಂಬಿದ ಸಮಾರಂಭ ನಡೆಯಿತು. ಅಷ್ಟು ಹೊತ್ತಿಗೆ ಪಾರ್ಶ್ವವಾಯು ಬಡಿದು ಗುರುಗಳ ಹಾಡು ನಿಂತಿತ್ತು. ಆ ಸಭೆಯಲ್ಲಿ ಹಾಡಿದ ಭೀಮಸೇನರಿಗೆ ಇನ್ನೂ 24 ತುಂಬಿರಲಿಲ್ಲ. ತನ್ನ ಕಂಠ ಕೈಕೊಟ್ಟ ಮೇಲೆ, ತಾನು ತಿದ್ದಿದ ಕಂಠ ಸಭೆಯ ಮುಂದೆ ನಿಲ್ಲುವುದನ್ನು ಕೇಳುವ ಹಿರಿಯನ ಸಂತೋಷ ಎಂಥದ್ದಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅಂಥ ಸಂತೋಷ ದೊಡ್ಡ ಗವಾಯಿಗಳಿಗಷ್ಟೇ ಮೀಸಲು ಎಂದು ನಾನು ಒಪ್ಪುವುದಿಲ್ಲ. ಬೀಸುವ ಪದ ಒಂದನ್ನು ಮೊಮ್ಮಗಳಿಗೆ ಕಲಿಸಿದ ಅಜ್ಜಿಗೂ ಅದು ಸಿಗುತ್ತದೆ. ನಾನು ಕಂಡಿದ್ದೇನೆ.

ನಮ್ಮ ಓಣಿಯಲ್ಲಿ ಉಮದಿ ಕಡೆಯಿಂದ ಬಂದ ಒಬ್ಬ ಅಜ್ಜಿ ಇದ್ದಾರೆ. ಮೊಮ್ಮಗಳು ಓದಿದ್ದು ಮರಾಠಿ, ಇಂಗ್ಲಿಷ್. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ನಾಲಿಗೆಗೆ ಬರುವುದು ಕಡಿಮೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಆದರೆ "ಉಂಡೆಯಾ", "ಮಲಗು" ಎಂಬುದರ ಆಚೆ ಮಾತಿರಲಿಲ್ಲ. ಆ ಹುಡುಗಿ ನನ್ನ ಹತ್ತಿರ ಬಂದು ಏನು ಮಾಡಲಿ ಎಂದಳು. ಬೀಸುಕಲ್ಲಿನ ಮುಂದೆ ಕೂತು ನಿನ್ನ ಅಜ್ಜಿ ಏನು ಹಾಡುತ್ತಿದ್ದಳು ಕೇಳು ಎಂದೆ. ಮೊದಲ ದಿನ ಅಜ್ಜಿ "ಅದೆಲ್ಲ ಯಾಕವ್ವ ಈಗ" ಎಂದು ತಳ್ಳಿಹಾಕಿದಳಂತೆ. ಹುಡುಗಿ ಮರುದಿನ ಮತ್ತೆ ಕೇಳಿದಳು. ಮೂರನೆಯ ಸಂಜೆಗೆ ಒಂದು ನುಡಿ ಬಂತು. ಅದನ್ನು ಹುಡುಗಿ ತನ್ನ ಮರಾಠಿ ನಾಲಿಗೆಯಲ್ಲಿ ತಿರುಗಿಸಿ ಹಾಡಿದಾಗ ಅಜ್ಜಿ ಉಚ್ಚಾರ ತಿದ್ದಲಿಲ್ಲ, ಉಸಿರು ತಿದ್ದಿದಳು. ಕಲ್ಲು ಒಂದು ಸುತ್ತು ಬರುವವರೆಗೆ ಸಾಲು ಎಳೆಯಬೇಕು, ಗೂಟ ನಿನ್ನ ಕಡೆ ಬಂದಾಗ ಉಸಿರು ತಗೊಳ್ಳಬೇಕು ಎಂದು ಗಾಳಿಯಲ್ಲೇ ಕೈ ತಿರುವಿ ತೋರಿಸಿದಳು. ಇದನ್ನು ಯಾವ ಪುಸ್ತಕವೂ ಆ ಹುಡುಗಿಗೆ ಹೇಳುತ್ತಿರಲಿಲ್ಲ. ಹಾಡಿನ ಅಳತೆ ಕೆಲಸದಿಂದ ಬಂದದ್ದು ಎಂದು ಅವಳು ಕಂಡುಕೊಂಡಳು. ಆಮೇಲೆ ಮಾತು ತಾನಾಗಿ ಬಂತು. ಯಾರ ಮನೆಯ ಕಲ್ಲು, ಜೊತೆಗೆ ಬೀಸುತ್ತಿದ್ದ ನಾದಿನಿ ಏನಾದಳು, ಬರಗಾಲದ ವರ್ಷ ಏನನ್ನು ಬೀಸಿದರು. ಎಪ್ಪತ್ತು ವರ್ಷದ ಬದುಕು ಆ ಒಂದು ನುಡಿಯ ಹಿಂದಿನಿಂದ ಬಂತು.

ಇದು ಹೊಸ ದಾರಿಯೇನಲ್ಲ. ಜತ್ತಕ್ಕೆ ಬಹಳ ದೂರವಲ್ಲದ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಇಪ್ಪತ್ತರ ಹರೆಯದ ಕೆಲವು ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಅವರ ಆ ಬಳಗದಿಂದ 1931ರಲ್ಲಿ 'ಗರತಿಯ ಹಾಡು' ಬಂತು. ಓದು ಬರಹ ಬಾರದ ತಾಯಂದಿರು ಕನ್ನಡ ಕಾವ್ಯದ ಗುರುಗಳಾದರು. ಮಹಾರಾಷ್ಟ್ರದಲ್ಲಿ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಹಳ್ಳಿ ಹಳ್ಳಿ ತಿರುಗಿ ಬೀಸುವ ಕಲ್ಲಿನ ಓವಿಗಳನ್ನು ಕೂಡಿಹಾಕಿದರು, ಅವು ಒಂದು ಲಕ್ಷಕ್ಕೂ ಹೆಚ್ಚು. ನಮ್ಮ ತ್ರಿಪದಿ, ಅವರ ಓವಿ, ಎರಡನ್ನೂ ಬಲ್ಲ ಮುದುಕಿಯರು ನಮ್ಮ ಗಡಿ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದ ಮೇಲೆ ಹುಟ್ಟಿದವರಿಗೆ ಆ ಹಾಡು ಬರುವುದಿಲ್ಲ. ಅಂದರೆ ಕೇಳುವುದಿದ್ದರೆ ಈಗಲೇ ಕೇಳಬೇಕು.

ಭಾಷೆಯ ಅಂಜಿಕೆ ಬೇಡ. ಈ ಸೀಮೆಯಲ್ಲಿ ಹಾಡು ಯಾವತ್ತೂ ಒಂದೇ ನುಡಿಗೆ ಅಂಟಿಕೊಂಡದ್ದಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗ್ಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಾಂಗ್ಲಿಯ ರಾಜರು ಮರಾಠಿಯಲ್ಲೂ ಇಂಥದ್ದು ಆಗಬೇಕು ಎಂದದ್ದರಿಂದ ವಿಷ್ಣುದಾಸ ಭಾವೆ 1843ರಲ್ಲಿ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದ. ಉಮದಿಯ ಭಾವುಸಾಹೇಬ ಮಹಾರಾಜರಿಂದ ಬೆಳೆದ ಇಂಚಗೇರಿ ಸಂಪ್ರದಾಯದ ಭಜನೆಯಲ್ಲಿ ಕನ್ನಡದ ಪದವೂ ಮರಾಠಿಯ ಅಭಂಗವೂ ಜೊತೆಯಲ್ಲೇ ಬರುತ್ತವೆ. ಭಜನೆಗೆ ಕೂತ ಮುದುಕರು ಯಾವುದು ಯಾವ ಭಾಷೆ ಎಂದು ಬೇರೆ ಮಾಡುವುದಿಲ್ಲ. ನಿಮಗೆ ಕನ್ನಡ ಓದಲು ಬಾರದಿದ್ದರೆ ದೇವನಾಗರಿಯಲ್ಲಿ ಬರೆದುಕೊಳ್ಳಿ. ಹಾಡು ಬಾಯಿಗೆ ಬಂದರೆ ಅಕ್ಷರ ಆಮೇಲೆ ಬರುತ್ತದೆ. ನನ್ನ ಶಾಲೆಯ ಮಕ್ಕಳು ಹಾಗೆಯೇ ಕಲಿತರು.

ತಂಬೂರಿಯ ವಿಷಯಕ್ಕೆ ಬರುತ್ತೇನೆ, ಅದು ನನಗೆ ಬಹಳ ಮುಖ್ಯ. ಕಛೇರಿಯಲ್ಲಿ ಹಿರಿಯ ಗಾಯಕರ ಬೆನ್ನ ಹಿಂದೆ ಇಬ್ಬರು ಎಳೆಯರು ತಂಬೂರಿ ಹಿಡಿದು ಕೂಡುತ್ತಾರೆ. ಗಂಗೂಬಾಯಿ ಅವರ ಹಿಂದೆ ಮಗಳು ಕೃಷ್ಣಾ, ಮನಸೂರರ ಹಿಂದೆ ಮಗ ರಾಜಶೇಖರ ಹಾಗೆ ಕೂತವರು. ಅದು ಶಿಷ್ಯರ ಮೊದಲ ಪಾಠಶಾಲೆ. ಗಂಟೆಗಟ್ಟಲೆ ಅಲುಗದೆ ಕೂಡಬೇಕು, ನಾಲ್ಕು ತಂತಿಯನ್ನು ಒಂದೇ ಹದದಲ್ಲಿ ಮೀಟಬೇಕು, ಗುರುವಿನ ಉಸಿರು ಎಲ್ಲಿ ಮುಗಿಯುತ್ತದೆ ಎಂದು ಬೆನ್ನು ನೋಡಿಯೇ ತಿಳಿಯಬೇಕು. ವಯಸ್ಸಾದ ಗುರುವಿನ ದನಿ ತಡೆದಾಗ ಹಿಂದಿನಿಂದ ಮೆಲ್ಲಗೆ ಸ್ವರ ಕೊಟ್ಟು ಹಿಡಿಯಬೇಕು. ಈಗ ಪೆಟ್ಟಿಗೆಯಲ್ಲಿ, ಫೋನಿನಲ್ಲಿ ತಂಬೂರಿ ಬಂದಿದೆ. ಒಬ್ಬರೇ ಅಭ್ಯಾಸ ಮಾಡುವಾಗ ಅದು ಉಪಕಾರಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮನೆಯಲ್ಲಿ ಹಾಡುವ ಹಿರಿಯರಿದ್ದು, ಅವರ ಪಕ್ಕ ನೀವು ಫೋನು ಇಟ್ಟು ಎದ್ದು ಹೋದರೆ, ಎಳೆಯರಿಗೆಂದೇ ಇದ್ದ ಒಂದು ಜಾಗವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಂತೆ. ಆ ಜಾಗ ಬಿಡಬೇಡಿ. ನಿಮಗೆ ಹಾಡಲು ಬಾರದಿದ್ದರೂ ತಂಬೂರಿ ಮೀಟಲು ಬರುತ್ತದೆ. ತಾಳ ತಟ್ಟಲು ಬರುತ್ತದೆ.

ತಂಬೂರಿ ಹೇಗೆ ಆಗುತ್ತದೆ ಎಂಬುದನ್ನು ನೋಡಲು ನೀವು ದೂರ ಹೋಗಬೇಕಾಗಿಲ್ಲ, ಮಿರಜದ ಮೀರಾಸಾಹೇಬರ ದರ್ಗಾದ ಸಮೀಪದ, ತಂತಿವಾದ್ಯ ಮಾಡುವ ಸತಾರಮೇಕರರ ಅಂಗಡಿಗಳಿಗೆ ಹೋದರೆ ಸಾಕು. ಅವರ ಹಿರಿಯರು ಆಯುಧ ಸಾಣೆ ಹಿಡಿಯುವ ಶಿಕಲಗಾರರು. ಕತ್ತಿಯ ಕಾಲ ಮುಗಿದ ಮೇಲೆ ಅದೇ ಕೈಗಳು ವಾದ್ಯಕ್ಕೆ ತಿರುಗಿದವು. ಮಂಗಳವೇಢೆ ಕಡೆಯ ಬುರುಡೆ, ಕರ್ನಾಟಕದ ಕಾಡಿನ ಮರ, ಮಿರಜದ ಕೈ ಸೇರಿ ಒಂದು ತಂಬೂರಿ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿ ವಯಸ್ಸಾದ ಕಸಬುದಾರರು ಜವಾರಿ ಹಚ್ಚುವುದನ್ನು ಕೂತು ನೋಡಿ. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜುವುದು, ತಂತಿ ಮೀಟಿ ಕೇಳುವುದು, ಮತ್ತೆ ಉಜ್ಜುವುದು, ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ನಾದ ಬಿಚ್ಚಿಕೊಳ್ಳುವ ಬಿಂದು ಹುಡುಕುವುದು. ಅಳತೆಪಟ್ಟಿ ಇಲ್ಲ. ಅದೆಲ್ಲ ಕಿವಿಯಲ್ಲಿದೆ. ಆ ಕಿವಿಯನ್ನು ಪಕ್ಕದಲ್ಲಿ ಕೂತ ಹುಡುಗನಿಗಲ್ಲದೆ ಇನ್ಯಾರಿಗೆ ಕೊಡಲು ಬರುತ್ತದೆ? ಇದನ್ನೇ ವೃತ್ತಿ ಮಾಡಿ ಎನ್ನುವುದಿಲ್ಲ. ಸಂಪಾದನೆಯ ಲೆಕ್ಕ ನಿಮ್ಮದು. ರಜೆಯ ಒಂದು ವಾರ ಅವರ ಅಂಗಡಿಯ ಕಟ್ಟೆಯ ಮೇಲೆ ಕಳೆಯಿರಿ ಎಂದಷ್ಟೇ ಹೇಳುತ್ತೇನೆ.

ಹಿರಿಯರನ್ನೂ ಎಳೆಯರನ್ನೂ ಸಂಗೀತದ ಸುತ್ತ ಒಂದೆಡೆ ಕೂಡಿಸುವುದನ್ನು ಪರದೇಶದಲ್ಲೂ ಯೋಚಿಸಿದವರಿದ್ದಾರೆ. ಇಟಲಿಯ ದೊಡ್ಡ ಸಂಗೀತಗಾರ ವೆರ್ಡಿ, ಬಡತನಕ್ಕೆ ಬಿದ್ದ ಮುದಿ ಕಲಾವಿದರಿಗಾಗಿ ಮಿಲಾನಿನಲ್ಲಿ ಸ್ವಂತ ಹಣದಿಂದ ಒಂದು ಮನೆ ಕಟ್ಟಿಸಿದ. 1902ರಲ್ಲಿ ಅಲ್ಲಿ ವಾಸ ಶುರುವಾಯಿತು. ಈಗ ಅದೇ ಮನೆಯಲ್ಲಿ ಸಂಗೀತ ಕಲಿಯುವ ವಿದ್ಯಾರ್ಥಿಗಳೂ ಇರುತ್ತಾರೆ, ಹಳೆಯ ಗಾಯಕರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಅವರಿಂದ ಸಲಹೆ ಪಡೆಯುತ್ತಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಂಗೀತ ವಿದ್ಯಾರ್ಥಿಗಳಿಗೆ ವೃದ್ಧರ ವಸತಿಯಲ್ಲಿ ಬಾಡಿಗೆಯಿಲ್ಲದೆ ಕೋಣೆ ಕೊಟ್ಟು, ಪ್ರತಿಯಾಗಿ ಅಲ್ಲಿಯವರಿಗಾಗಿ ನುಡಿಸಲು ಕೇಳುವ ಏರ್ಪಾಡು ಇದೆ. ಎರಡೂ ಒಳ್ಳೆಯವು. ನನ್ನ ಮನಸ್ಸು ಮಿಲಾನಿನ ಕಡೆಗೆ ಹೆಚ್ಚು ವಾಲುತ್ತದೆ, ಅಲ್ಲಿ ಮುದುಕರು ಕಲಿಸುತ್ತಾರೆ ಎಂಬ ಕಾರಣಕ್ಕೆ.

ಈಗ ಹೇಗೆ ಶುರು ಮಾಡುವುದು ಎಂಬ ಮಾತು. "ಒಂದು ಹಾಡು ಹಾಡ್ರಿ" ಎಂದು ಒಮ್ಮೆಲೇ ಕೇಳಿದರೆ ಮುದುಕರು ನಾಚುತ್ತಾರೆ, ದನಿ ಹೋಯಿತಪ್ಪ ಎನ್ನುತ್ತಾರೆ. "ನಿಮ್ಮೂರಿಗೆ ಯಾವ ನಾಟಕ ಕಂಪನಿ ಬರುತ್ತಿತ್ತು? ನಿಮ್ಮ ಮದುವೆಯಲ್ಲಿ ಸೋಬಾನ ಯಾರು ಹೇಳಿದರು? ಡೊಳ್ಳಿನ ಪದದ ಸವಾಲು ಜವಾಬು ನೀವು ಕೇಳಿದ್ದೀರಾ?" ಎಂದು ಕೇಳಿ. ಕಥೆ ಹೇಳುತ್ತ ಹೇಳುತ್ತ ಹಾಡು ಬಾಯಿಗೆ ಬರುತ್ತದೆ. ಹದಿಹರೆಯದಿಂದ ಇಪ್ಪತ್ತೈದರವರೆಗೆ ಕೇಳಿದ ಹಾಡು ಮನುಷ್ಯನಿಗೆ ಕೊನೆಯವರೆಗೆ ಗಟ್ಟಿಯಾಗಿ ನೆನಪಿರುತ್ತದೆ ಎಂದು ಮನಶ್ಶಾಸ್ತ್ರ ಬಲ್ಲವರು ಹೇಳುತ್ತಾರೆ. ಹಾಗಾಗಿ ಎದುರಿಗಿದ್ದವರ ವಯಸ್ಸು ಲೆಕ್ಕಹಾಕಿ. 85 ದಾಟಿದವರಿಗೆ ನೀವು ಹಳೆಯದೆಂದು ತಿಳಿದ 1980ರ ಸಿನಿಮಾ ಹಾಡು ಅವರ ಮಕ್ಕಳ ಕಾಲದ್ದು.

ಮಧ್ಯಾಹ್ನದ ನಿದ್ದೆ ಮುಗಿದು ಚಹಾ ಆದ ಮೇಲಿನ ಹೊತ್ತು ಒಳ್ಳೆಯದು. ಎದುರಿಗೆ, ಮುಖ ಕಾಣುವಂತೆ ಕೂಡಿ. ವಯಸ್ಸಿನಿಂದ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ನಾದಗಳನ್ನು. ಸಣ್ಣ ಫೋನಿನ ಕೀರಲು ದನಿ ಅವರಿಗೆ ಹಿಂಸೆ. ನೀವು ಕೆಳಗಿನ ಶ್ರುತಿಯಲ್ಲಿ, ನಿಧಾನವಾಗಿ ಹಾಡಿದರೆ ಅವರೂ ಸೇರಬಲ್ಲರು. ಶ್ರುತಿ ಯಾವಾಗಲೂ ಅವರದು, ನಿಮ್ಮ ದನಿಯನ್ನು ಅಲ್ಲಿಗೆ ಇಳಿಸಿ. ಮೊದಲ ದಿನಗಳಲ್ಲಿ ಫೋನು ಹೊರಗೆ ತೆಗೆಯಬೇಡಿ. ಧ್ವನಿಮುದ್ರಿಕೆ ಸಿಕ್ಕಿತು ಎಂದರೆ ಮತ್ತೆ ಹೋಗುವ ಕಾರಣ ಮುಗಿಯಿತು ಎಂದು ನಿಮ್ಮ ಮನಸ್ಸು ನಂಬುತ್ತದೆ. ಒಂದು ಸಲಕ್ಕೆ ಒಂದು ನುಡಿ ಸಾಕು. ಮುಂದಿನದಕ್ಕೆ ಮುಂದಿನ ವಾರ.

ಮರೆವಿನ ಕಾಯಿಲೆ ಇರುವವರ ಬಳಿ ಹೆಚ್ಚು ಎಚ್ಚರ ಬೇಕು. ಮಕ್ಕಳ ಹೆಸರು ಮರೆತವರಿಗೂ ಎಷ್ಟೋ ಸಲ ಹಾಡಿನ ಸಾಲು ಪೂರ್ತಿ ನೆನಪಿರುತ್ತದೆ. "ಇದು ಗೊತ್ತಾ? ನೆನಪಿದೆಯಾ?" ಎಂದು ಪರೀಕ್ಷೆ ಮಾಡಬೇಡಿ, ಆ ಪ್ರಶ್ನೆ ಅವರನ್ನು ಒಳಗೇ ಕುಗ್ಗಿಸುತ್ತದೆ. ಮೊದಲ ಸಾಲನ್ನು ನೀವೇ ಹಾಡಿ ನಿಲ್ಲಿಸಿ, ಎರಡನೆಯದನ್ನು ಅವರಿಗೆ ಬಿಡಿ. ಬಂದರೆ ಬಂತು. ಬಾರದಿದ್ದರೆ ನೀವೇ ಮುಂದುವರಿಸಿ. ಕೆಲವು ಹಾಡು ಸತ್ತವರನ್ನು ನೆನಪಿಗೆ ತಂದು ಅಳಿಸುತ್ತವೆ. ಆಗ ಗಾಬರಿಯಿಂದ ಹಾಡು ಬದಲಿಸಬೇಡಿ, ಕೈ ಹಿಡಿದು ಕೂಡಿ. ಅವರು ನಿಲ್ಲಿಸು ಎಂದರೆ ಮಾತ್ರ ನಿಲ್ಲಿಸಿ.

ಇನ್ನೂ ಒಂದಿದೆ. ಕಲಿಸುವವರು ಯಾವ ಜಾತಿ, ಯಾವ ಧರ್ಮ ಎಂದು ನೋಡಬೇಡಿ, ಮನೆಯವರು ನೋಡು ಎಂದರೂ ನೋಡಬೇಡಿ. ಕರೀಂ ಖಾನರು 1937ರ ಅಕ್ಟೋಬರಿನಲ್ಲಿ ತಮಿಳು ಸೀಮೆಯ ಒಂದು ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ದೇಹವನ್ನು ಅಷ್ಟು ದೂರದಿಂದ ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು. ಉರುಸಿನ ರಾತ್ರಿ ಅಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಕಲಾವಿದರು ಬಂದು ಹಾಡಿ ಸೇವೆ ಸಲ್ಲಿಸುತ್ತಾರೆ. ನವರಾತ್ರಿಯಲ್ಲಿ ಇದೇ ಊರಿನ ಅಂಬಾಬಾಯಿ ಗುಡಿಯಲ್ಲೂ ಹಾಡು. ಎರಡಕ್ಕೂ ಹೋಗಿ. ಒಬ್ಬರೇ ಹೋಗಬೇಡಿ, ನಡೆಯಲು ಬರುವ ಒಬ್ಬ ಹಿರಿಯರನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಹೋಗಿ, ಗೋಡೆಗೆ ಒರಗುವ ಜಾಗ ಹಿಡಿದುಕೊಡಿ. ಹಾಡು ನಡೆದಾಗ ಅವರ ಕೈ ನೋಡಿ. ತಾಳದ ಸಮ್ ಎಲ್ಲಿ ಬಿತ್ತು ಎಂದು ನಿಮಗೆ ತಿಳಿಯದಿದ್ದರೆ ಅವರ ಬೆರಳು ತೋರಿಸುತ್ತದೆ.

ಕಲಿತ ಹಾಡನ್ನು ಒಂದು ವಹಿಯಲ್ಲಿ ಬರೆದಿಡಿ. ಕೆಳಗೆ ಕಲಿಸಿದವರ ಹೆಸರು, ಅವರು ಯಾರಿಂದ ಕಲಿತರೋ ಅವರ ಹೆಸರು, ಊರು, ಯಾವ ಕೆಲಸದ ಹೊತ್ತಿನ ಹಾಡು ಎಂಬುದನ್ನೂ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಅಲ್ಲಿಯೂ ಏನಾದರೂ ತಪ್ಪಿದ್ದರೆ ಅವರೇ ಹೇಳುತ್ತಾರೆ. ಈ ಭಾನುವಾರ ಸಂಜೆ ನಾಲ್ಕಕ್ಕೆ ಮನೆಯಲ್ಲಿರಿ ಎಂದು ನಿಮಗೆ ಗೊತ್ತಿರುವ ಒಬ್ಬ ಹಿರಿಯರಿಗೆ ಇವತ್ತೇ ಹೇಳಿ ಕಳಿಸಿ. ನೀವು ಬರುತ್ತೀರಿ ಎಂದರೆ ಅವರು ಬೆಳಿಗ್ಗೆಯಿಂದಲೇ ನೆನಪು ಮಾಡಿಕೊಳ್ಳಲು ಶುರುಮಾಡುತ್ತಾರೆ.